ಕಡಲ ದಂಡೆಗೆ ಬಂದ ಕರಡಿ

ವಿಶಾಖಪಟ್ಟಣದ ಆರ್.ಕೆ. ಬೀಚ್‌ಗೆ ಮೊದಲ ಸಲ ಬಂದವರು ರಸ್ತೆ ದಾಟುವ ಮುನ್ನ ಒಂದು ಕ್ಷಣ ನಿಂತುಬಿಡುತ್ತಾರೆ. ಕಡಲಿನ ಕಡೆ, ಮರಳಿನ ಮೇಲೆ, ಒಂದು ಇಡೀ ಸಬ್‌ಮರೀನ್. ಎದುರು ಬದಿಯಲ್ಲಿ ಮೂತಿ ಚಾಚಿ ನಿಂತ ನಾಲ್ಕು ಎಂಜಿನ್ನಿನ ದೈತ್ಯ ವಿಮಾನ. ಸಬ್‌ಮರೀನಿನ ಹೆಸರು ಐಎನ್‌ಎಸ್ ಕುರ್ಸುರಾ. ವಿಮಾನ ರಷ್ಯಾದ ಟುಪೊಲೆವ್ ಟಿಯು-142. ನ್ಯಾಟೊ ದೇಶಗಳು ಈ ಜಾತಿಯ ವಿಮಾನಕ್ಕೆ ಇಟ್ಟ ಗುಪ್ತನಾಮ 'ಬೇರ್', ಅಂದರೆ ಕರಡಿ. ಸಬ್‌ಮರೀನ್‌ಗಳನ್ನು ಹುಡುಕಿ ಹೊಡೆಯುವುದಕ್ಕೆಂದೇ ಹುಟ್ಟಿದ ವಿಮಾನವೊಂದು ನಿವೃತ್ತಿಯ ನಂತರ ಸಬ್‌ಮರೀನಿನ ಎದುರುಮನೆಯಲ್ಲಿ ಬಂದು ನೆಲೆಸಿದೆ.

ಬಹುಪಾಲು ಜನ ಇಲ್ಲಿ ಮಾಡುವುದು ಒಂದೇ ಕೆಲಸ. ವಿಮಾನಕ್ಕೆ ಬೆನ್ನು ಹಾಕಿ, ಮೊಬೈಲ್ ಎತ್ತಿ ಹಿಡಿದು, ತಮ್ಮ ಮುಖದ ಹಿಂದೆ ಅಷ್ಟೋ ಇಷ್ಟೋ ರೆಕ್ಕೆ ಬರುವಂತೆ ಒಂದು ಸೆಲ್ಫಿ. ಅದು ತಪ್ಪಲ್ಲ, ಪ್ರವಾಸದ ನೆನಪಿಗೆ ಅಷ್ಟು ಸಾಕು. ಆದರೆ ಹಳೆಯ ಯುದ್ಧವಿಮಾನವನ್ನೇ ಫೋಟೊ ತೆಗೆಯಲು ಹೊರಟವರಿಗೆ ಇದೊಂದು ಪಾಠಶಾಲೆ. ಕೆಲಸದ ಮೇಲೆ ಹತ್ತಿರದ ಅಚ್ಯುತಾಪುರಂನ ಕೈಗಾರಿಕಾ ವಲಯಕ್ಕೆ ಬಂದು ವಾರದ ರಜೆಯಲ್ಲಿ ಏನು ಮಾಡುವುದೆಂದು ಯೋಚಿಸುವವರಿಗೆ ಬೀಚ್ ರೋಡ್ ಹೆಚ್ಚು ದೂರವೇನಲ್ಲ. ಬೆಂಗಳೂರಿನಿಂದ ಬರುವವರಿಗೆ ಪ್ರಶಾಂತಿ ಎಕ್ಸ್‌ಪ್ರೆಸ್ ಇದೆ. ಗುಂಟೂರು, ವಿಜಯವಾಡ ದಾಟಿಕೊಂಡು ವಿಶಾಖಪಟ್ಟಣಕ್ಕೇ ತಂದು ಇಳಿಸುತ್ತದೆ.

ಕ್ಯಾಮೆರಾ ತೆಗೆಯುವ ಮೊದಲು ಎದುರಿಗಿರುವುದು ಏನೆಂದು ತಿಳಿದುಕೊಳ್ಳುವುದು ಒಳ್ಳೆಯದು. ಭಾರತೀಯ ನೌಕಾಪಡೆ 1988ರಲ್ಲಿ ಇಂಥ ಎಂಟು ವಿಮಾನಗಳನ್ನು ಸೋವಿಯತ್ ಒಕ್ಕೂಟದಿಂದ ತರಿಸಿಕೊಂಡಿತು. ಮೊದಲು ಗೋವಾದ ಐಎನ್‌ಎಸ್ ಹಂಸದಲ್ಲಿ, 1992ರಿಂದ ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಾಜಾಳಿಯಲ್ಲಿ ಇವುಗಳ ಠಾಣೆ. ಬಂದ ವರ್ಷವೇ, ಮಾಲ್ದೀವ್ಸ್‌ನಲ್ಲಿ ಬಾಡಿಗೆ ಸೈನಿಕರು ಸರ್ಕಾರ ಉರುಳಿಸಲು ನೋಡಿದಾಗ ನಡೆದ ಆಪರೇಷನ್ ಕ್ಯಾಕ್ಟಸ್‌ನಲ್ಲಿ ಇವು ಕಡಲ ಮೇಲೆ ಕಣ್ಣಿಟ್ಟು ಹಾರಿದವು. 29 ವರ್ಷ, ಸುಮಾರು 30 ಸಾವಿರ ಗಂಟೆ, ಒಂದೂ ಅಪಘಾತವಿಲ್ಲ. 2017ರ ಮಾರ್ಚ್ 29ರಂದು ಬೀಳ್ಕೊಡುಗೆ. ಇವುಗಳ ಜಾಗಕ್ಕೆ ಅಮೆರಿಕದ ಪಿ-8ಐ ಬಂದಿತ್ತು. ಮರುತಿಂಗಳೇ ಒಂದು ವಿಮಾನ ತನ್ನ ಕೊನೆಯ ಹಾರಾಟ ಮುಗಿಸಿ ವಿಶಾಖಪಟ್ಟಣದ ನೌಕಾ ವಿಮಾನ ನಿಲ್ದಾಣ ಐಎನ್‌ಎಸ್ ಡೇಗಾದಲ್ಲಿ ಇಳಿಯಿತು. ಅದನ್ನು ಬಿಚ್ಚಿ, ಬೀಚ್ ರೋಡಿಗೆ ಸಾಗಿಸಿ, ಮತ್ತೆ ಜೋಡಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಮ್ಯೂಸಿಯಂ ಉದ್ಘಾಟಿಸಿದರು.

ಎದುರಿನ ಕುರ್ಸುರಾ ಅದಕ್ಕಿಂತ ಹಿರಿಯಳು. 1969ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಪಹರೆ ತಿರುಗಿ, 2001ರಲ್ಲಿ ನಿವೃತ್ತಿ ಪಡೆದು, ಮರುವರ್ಷ ಮ್ಯೂಸಿಯಂ ಆದಳು.

ಇನ್ನು ಬೆಳಕಿನ ವಿಚಾರ. ಇಲ್ಲಿ ಸಮುದ್ರ ಇರುವುದು ಪೂರ್ವ ದಿಕ್ಕಿಗೆ. ಬೆಳಗಿನ ಬಿಸಿಲು ನೀರಿನ ಕಡೆಯಿಂದ ಬಂದು ರಸ್ತೆಯ ಒಳಬದಿಯಲ್ಲಿ ನಿಂತ ವಿಮಾನದ ಮೇಲೆ ಬೀಳುತ್ತದೆ. ಅದೇ ಹೊತ್ತಿಗೆ ರಸ್ತೆಯಿಂದ ನೋಡಿದರೆ ಸಬ್‌ಮರೀನ್ ಬರೀ ಕಪ್ಪು ಆಕೃತಿ. ಸಂಜೆಯಾದರೆ ಲೆಕ್ಕ ತಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ವಿಮಾನ, ಇಳಿಹೊತ್ತಿಗೆ ಸಬ್‌ಮರೀನ್. ಮ್ಯೂಸಿಯಂನ ಬಾಗಿಲು ಇನ್ನೂ ತೆರೆದಿರದಿದ್ದರೂ ಇಷ್ಟು ದೊಡ್ಡ ದೇಹ ಬೇಲಿಯ ಹೊರಗಿನಿಂದಲೇ ಕಾಣುತ್ತದೆ. ನಡುಮಧ್ಯಾಹ್ನ ಫೋಟೊ ತೆಗೆಯಲು ಹೋಗದಿರುವುದೇ ವಾಸಿ: ನೆತ್ತಿಯ ಬಿಸಿಲಿನಲ್ಲಿ ರೆಕ್ಕೆಯ ಮೇಲ್ಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ, ಹೊಟ್ಟೆಯ ಕೆಳಗೆ ಕತ್ತಲು ಕವಿಯುತ್ತದೆ.

ಎರಡನೆಯ ತೊಡಕು ಗಾತ್ರದ್ದು. ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್, ಮೂತಿಯಿಂದ ಬಾಲಕ್ಕೆ 53 ಮೀಟರ್. ನಿಲ್ಲುವ ಜಾಗವೋ ಕಿರಿದು. ಇಂಥಲ್ಲಿ ಎಲ್ಲರ ಕೈ ತಾನಾಗಿಯೇ ವೈಡ್ ಆ್ಯಂಗಲ್ ಕಡೆಗೆ ಹೋಗುತ್ತದೆ. ಇಡೀ ವಿಮಾನವೇನೋ ಚೌಕಟ್ಟಿನೊಳಗೆ ಬರುತ್ತದೆ, ಆದರೆ ಹತ್ತಿರವಿರುವ ಮೂತಿ ಊದಿಕೊಂಡು, ದೂರದ ಬಾಲ ಇಲಿಬಾಲವಾಗಿ, ಉದ್ದನೆಯ ಹಕ್ಕಿ ಗುಂಡನೆಯ ಮೀನಿನಂತೆ ಕಾಣುತ್ತದೆ. ಆದಷ್ಟು ಹಿಂದೆ ಸರಿದು ಸಾಧಾರಣ ಲೆನ್ಸಿನಲ್ಲಿ ತೆಗೆದ ಚಿತ್ರವೇ ನಿಜಕ್ಕೆ ಹತ್ತಿರ. ಅಷ್ಟು ದೂರ ಸಿಗದಿದ್ದರೆ ಒಂದೇ ಜಾಗದಲ್ಲಿ ನಿಂತು ಎಡದಿಂದ ಬಲಕ್ಕೆ ನಾಲ್ಕೈದು ಫೋಟೊ ತೆಗೆದು ಆಮೇಲೆ ಜೋಡಿಸಬಹುದು. ತಿಳಿಬಣ್ಣದ ಮೈ, ಹಿಂದೆ ಹೊಳೆಯುವ ಆಕಾಶ; ಕ್ಯಾಮೆರಾ ಆಕಾಶವನ್ನು ನಂಬಿದರೆ ವಿಮಾನ ಮಂಕಾಗುತ್ತದೆ. ಮೊಬೈಲ್‌ನಲ್ಲಾದರೆ ವಿಮಾನದ ಮೈಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಮೇಲೇರಿಸಿದರೆ ಆಯಿತು.

ಹಾಗೆಂದು ಇಡೀ ವಿಮಾನವನ್ನು ಒಂದೇ ಚಿತ್ರಕ್ಕೆ ತುರುಕಲೇಬೇಕೆಂಬ ಹಟ ಬೇಡ. ಈ ಕರಡಿಯ ಜೀವ ಇರುವುದು ಅದರ ಪ್ರೊಪೆಲ್ಲರ್‌ಗಳಲ್ಲಿ. ಒಂದು ಎಂಜಿನ್ನಿನ ಎದುರು ಬದಿಯಲ್ಲಿ ನಿಂತು ನೋಡಿ. ಒಂದರ ಹಿಂದೊಂದು ಎರಡು ಸಾಲು, ಸಾಲಿಗೆ ನಾಲ್ಕು ಅಲಗು. ಮುಂದಿನ ಸಾಲಿನ ಅಲಗು ಒಂದು ಕಡೆಗೆ ತಿರುಚಿಕೊಂಡಿದ್ದರೆ ಹಿಂದಿನದು ಅದಕ್ಕೆ ತದ್ವಿರುದ್ಧ. ಹಾರುವಾಗ ಎರಡು ಸಾಲುಗಳೂ ಎದುರುಬದುರಾಗಿ ತಿರುಗುತ್ತಿದ್ದವು. ಮುಂದಿನ ಸಾಲು ಗಾಳಿಯನ್ನು ಸುರುಳಿ ಸುತ್ತಿ ಹಿಂದಕ್ಕೆಸೆಯುತ್ತದೆ. ಹಿಂದಿನ ಸಾಲು ಆ ಸುರುಳಿಯನ್ನು ಬಿಚ್ಚಿ, ವ್ಯರ್ಥವಾಗುತ್ತಿದ್ದ ಬಲವನ್ನೂ ಮುನ್ನಡೆಗೆ ದುಡಿಸಿಕೊಳ್ಳುತ್ತದೆ. ನಾಲ್ಕು ಎಂಜಿನ್ನಿಗೆ ಒಟ್ಟು 32 ಅಲಗು. ಕುಜ್ನೆತ್ಸೊವ್ ಎನ್‌ಕೆ-12 ಎಂಬ ಈ ಎಂಜಿನ್ ಒಂದೊಂದಕ್ಕೂ 15 ಸಾವಿರ ಅಶ್ವಶಕ್ತಿಯ ಆಸುಪಾಸಿನ ಬಲ. ಹೀಗಾಗಿ ಪ್ರೊಪೆಲ್ಲರ್ ವಿಮಾನವಾದರೂ ಗಂಟೆಗೆ 900 ಕಿ.ಮೀ. ವೇಗ ಮುಟ್ಟುತ್ತಿತ್ತು, ಜೆಟ್ ವಿಮಾನದಂತೆ ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿಕೊಂಡಿತ್ತು. ಅಲಗಿನ ತುದಿ ಶಬ್ದದ ವೇಗವನ್ನೂ ಮೀರಿ ತಿರುಗುತ್ತಿದ್ದುದರಿಂದ ಇದರ ಗದ್ದಲ ಲೋಕಪ್ರಸಿದ್ಧ. ಎದುರುಬದುರು ತಿರುಚಿದ ಆ ಎರಡು ಸಾಲು ಸ್ಪಷ್ಟವಾಗಿ ಕಾಣುವಂತೆ ಒಂದು ಫೋಟೊ ತೆಗೆದರೆ, ಈ ವಿಮಾನ ಉಳಿದವುಗಳಿಗಿಂತ ಯಾಕೆ ಬೇರೆ ಎಂಬುದನ್ನು ಇನ್ನೊಬ್ಬರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬಾಲದ ಮೇಲ್ತುದಿಯಲ್ಲಿ ಹಿಂದಕ್ಕೆ ಚಾಚಿದ ಕೊಂಬಿನಂಥ ಭಾಗವನ್ನೂ ಬಿಡಬಾರದು. ನೀರಿನಡಿ ಇರುವ ಉಕ್ಕಿನ ದೊಡ್ಡ ರಾಶಿ ಭೂಮಿಯ ಕಾಂತಕ್ಷೇತ್ರವನ್ನು ತುಸುವೇ ಕದಡುತ್ತದೆ. ಆ ಕದಡುವಿಕೆಯನ್ನು ಹಿಡಿಯುವ ಉಪಕರಣ ಅಲ್ಲಿರುತ್ತದೆ. ವಿಮಾನದ ಸ್ವಂತ ಲೋಹ, ವಿದ್ಯುತ್ತಿನ ಗೊಂದಲದಿಂದ ದೂರವಿರಲೆಂದೇ ಅಷ್ಟು ಹಿಂದಕ್ಕೆ ಇಟ್ಟದ್ದು. ಮ್ಯೂಸಿಯಂನ ಒಳಗೆ ಸೋನೊಬಾಯ್‌ಗಳೂ ಇವೆ. ಇವನ್ನು ವಿಮಾನದಿಂದ ಕಡಲಿಗೆ ಉದುರಿಸುತ್ತಿದ್ದರು. ತೇಲುತ್ತಾ, ನೀರಿನೊಳಗೆ ಕಿವಿ ಇಳಿಬಿಟ್ಟು, ಸಬ್‌ಮರೀನಿನ ಸದ್ದು ಕೇಳಿದರೆ ರೇಡಿಯೊ ಮೂಲಕ ಮೇಲೆ ಸುದ್ದಿ ಕಳಿಸುವುದು ಇವುಗಳ ಕೆಲಸ. ಗಾಜಿನ ಹಿಂದಿರುವ ವಸ್ತುಗಳ ಫೋಟೊ ತೆಗೆಯುವಾಗ ಫ್ಲ್ಯಾಶ್ ಆರಿಸಿ, ಲೆನ್ಸನ್ನು ಗಾಜಿಗೆ ಹೆಚ್ಚುಕಡಿಮೆ ತಾಗಿಸಿ ಹಿಡಿದರೆ ನಮ್ಮದೇ ಬಿಂಬ ಅಡ್ಡ ಬರುವುದಿಲ್ಲ. ಇದೇ ರಸ್ತೆಯಲ್ಲಿ, ನಿಂತಲ್ಲೇ ಇಳಿಯಬಲ್ಲ ಸೀ ಹ್ಯಾರಿಯರ್ ಯುದ್ಧವಿಮಾನಕ್ಕೂ ಒಂದು ಮ್ಯೂಸಿಯಂ ಇದೆ. ಅದರ ಫೋಟೊ ತೆಗೆಯುವವರು ಮೈಯ ಅಕ್ಕಪಕ್ಕದಲ್ಲಿರುವ, ಕೆಳಕ್ಕೆ ತಿರುಗಬಲ್ಲ ನಾಲ್ಕು ನಳಿಕೆಗಳ ಮೇಲೆ ಗಮನವಿಟ್ಟರೆ ಸಾಕು.

ಒಂದು ಎಚ್ಚರಿಕೆ. ವಿಶಾಖಪಟ್ಟಣ ಪೂರ್ವ ನೌಕಾ ಕಮಾಂಡ್‌ನ ಕೇಂದ್ರ. ಅಚ್ಯುತಾಪುರಂ ಪಕ್ಕದ ರಾಂಬಿಲ್ಲಿಯಲ್ಲೂ ನೌಕಾನೆಲೆಯ ಕೆಲಸ ನಡೆದಿದೆ. ಮ್ಯೂಸಿಯಂನಲ್ಲಿ ಫೋಟೊ ತೆಗೆದ ಹುರುಪಿನಲ್ಲಿ ಕ್ಯಾಮೆರಾವನ್ನು ಈಗ ಕೆಲಸದಲ್ಲಿರುವ ನೆಲೆ, ಹಡಗು, ರನ್‌ವೇಗಳ ಕಡೆಗೆ ತಿರುಗಿಸಕೂಡದು. ನಗರದ ವಿಮಾನ ನಿಲ್ದಾಣವೂ ನೌಕಾಪಡೆಯದೇ. ಅಲ್ಲಿ ಫೋಟೊ ನಿಷಿದ್ಧ. ನೌಕಾ ನೆಲೆಗಳ ಸುತ್ತ 3 ಕಿ.ಮೀ. ಒಳಗೆ ಡ್ರೋನ್ ಹಾರಿಸುವುದನ್ನು ನೌಕಾಪಡೆ 2021ರಲ್ಲೇ ನಿಷೇಧಿಸಿದೆ.

ಇಷ್ಟೆಲ್ಲ ಶ್ರಮ ಯಾಕೆ, ವಿಮಾನ ಅಲ್ಲೇ ಇರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಇರುತ್ತದೆ, ಆದರೆ ಹಾಗೆಯೇ ಇರುವುದಿಲ್ಲ. ಕಡಲ ಗಾಳಿಯ ಉಪ್ಪು ಅಲ್ಯೂಮಿನಿಯಂಗೆ ಒಳ್ಳೆಯದಲ್ಲ. ಕಬ್ಬಿಣದಂತೆ ಅದು ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ರಿವೆಟ್‌ಗಳ ಸುತ್ತ, ತಗಡುಗಳು ಕೂಡುವ ಸಂದುಗಳಲ್ಲಿ ಸುಣ್ಣದಂಥ ಬಿಳಿ ಪುಡಿ ಏಳುತ್ತದೆ, ಬಣ್ಣ ಗುಳ್ಳೆಯಾಗಿ ಉಬ್ಬುತ್ತದೆ. ಆಗ ಮತ್ತೆ ಬಣ್ಣ ಬಳಿಯಲೇಬೇಕು. ಬಳಿದಾಗಲೆಲ್ಲ ಹಳೆಯ ಅಕ್ಷರ, ಎಚ್ಚರಿಕೆಯ ಗುರುತು, ಹೊಗೆಯ ಕಲೆ, ತೇಪೆಯ ಅಂಚು ಸ್ವಲ್ಪ ಸ್ವಲ್ಪವೇ ಮುಚ್ಚಿಹೋಗುತ್ತವೆ. ಹಳೆಯ ವಿಮಾನದ ಚರಿತ್ರೆ ಇರುವುದು ಅಂಥ ಚಿಕ್ಕಪುಟ್ಟ ಗುರುತುಗಳಲ್ಲೇ. ಬಾಲದ ಮೇಲಿನ ಸಂಖ್ಯೆ ಓದುವಂತಿರುವ ಒಂದು ಸಾದಾ ಫೋಟೊ, ಎಷ್ಟೋ ಸಲ ಸೂರ್ಯಾಸ್ತದ ಹತ್ತು ಸುಂದರ ಚಿತ್ರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಸಂಖ್ಯೆಗೆ ಯಾಕೆ ಅಷ್ಟು ಬೆಲೆ ಎಂಬುದಕ್ಕೆ ಬೆಂಗಳೂರಿನದೇ ಒಂದು ಕಥೆಯಿದೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ (ಆರ್‌ಎಎಫ್) ಕಾನ್ಪುರದ ಚಕೇರಿಯಲ್ಲಿ ಸಾಲುಸಾಲು ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬಿಟ್ಟುಹೋಯಿತು. ಅವು ಅಮೆರಿಕದಿಂದ ಎರವಲು ಬಂದವು; ಬೇರೆಯವರ ಕೈಗೆ ಸಿಕ್ಕಿ ಹಾರಬಾರದೆಂದು ಬೇಕಂತಲೇ ಅವನ್ನು ಹಾಳುಗೆಡವಿ ಹೋಗಿದ್ದರು. ಸ್ವತಂತ್ರ ಭಾರತದ ಬಳಿ ದೊಡ್ಡ ಬಾಂಬರ್ ಒಂದೂ ಇರಲಿಲ್ಲ. 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ ಜನ, ಅಂದರೆ ಇಂದಿನ ಎಚ್‌ಎಎಲ್‌ನವರು, ಆ ಗುಜರಿಯಲ್ಲಿ ಹುಡುಕಾಡಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿದರು. ಕಂಪನಿಯ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ ಸುಮಾರು 40 ಲಿಬರೇಟರ್‌ಗಳು ಭಾರತೀಯ ವಾಯುಪಡೆ ಸೇರಿ, 1968ರವರೆಗೆ ಹಾರಿದವು.

ಅಷ್ಟರಲ್ಲಿ ಜಗತ್ತಿನ ಉಳಿದೆಡೆ ಲಿಬರೇಟರ್‌ಗಳನ್ನು ಕರಗಿಸಿ ಆಗಿತ್ತು. ಯುದ್ಧಕಾಲದಲ್ಲಿ 18 ಸಾವಿರಕ್ಕೂ ಹೆಚ್ಚು ತಯಾರಾದ ವಿಮಾನ ಹುಡುಕಿದರೂ ಸಿಗದಂತಾಗಿತ್ತು. ಆಗ ಇಂಗ್ಲೆಂಡ್, ಕೆನಡಾ, ಅಮೆರಿಕದ ಮ್ಯೂಸಿಯಂಗಳು ತಿರುಗಿ ನೋಡಿದ್ದು ಭಾರತದ ಕಡೆಗೆ. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದಲೇ ಹೋದವು. ಒಂದು ನಮ್ಮಲ್ಲೇ ಉಳಿದು ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿದೆ. ಯಾವ ವಿಮಾನ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬೆಸೆಯಲು ಆಸಕ್ತರಿಗೆ ನೆರವಾಗುವುದು ಮೈಮೇಲಿನ ಸಂಖ್ಯೆಗಳು, ಮತ್ತು ಆ ಸಂಖ್ಯೆ ಕಾಣುವಂತೆ ಯಾರೋ ಎಂದೋ ತೆಗೆದ ಫೋಟೊಗಳು.

ಕರ್ನಾಟಕದೊಳಗೇ ಇಂಥ ಪ್ರವಾಸ ಮಾಡುವವರಿಗೆ ಮೊದಲ ನಿಲ್ದಾಣ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್. 2001ರಲ್ಲಿ ಆರಂಭವಾದ ಈ ಮ್ಯೂಸಿಯಂನಲ್ಲಿ ಮರಗಳ ನಡುವೆ ವಿಮಾನಗಳು ನಿಂತಿವೆ. ನೆರಳು ಹಿತವೇ, ಆದರೆ ಎಲೆಗಳ ಸಂದಿನಿಂದ ಬಿದ್ದ ಚುಕ್ಕೆ ಬಿಸಿಲು ವಿಮಾನಕ್ಕೆ ಚಿರತೆಯ ಮೈ ಕೊಡುತ್ತದೆ. ಮೋಡ ಮುಚ್ಚಿದ ದಿನ ಹೋದರೆ ಇಡೀ ಮೈ ಒಂದೇ ಹದದಲ್ಲಿ ಸಿಗುತ್ತದೆ. ಇಲ್ಲಿ ನಿಂತು ನೋಡಬೇಕಾದದ್ದು ಮರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ ಜೆಟ್ ಯುದ್ಧವಿಮಾನ ಇದು. 1961ರ ಜೂನ್ 17ರಂದು ಸುರಂಜನ್ ದಾಸ್ ಇದನ್ನು ಮೊದಲ ಬಾರಿ ಹಾರಿಸಿದರು. 1970ರಲ್ಲಿ ಮರುತ್‌ನ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ದಿನವೂ ಸಾವಿರಾರು ವಾಹನ ಓಡಾಡುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ಮರುತ್‌ನ ಚೂಪು ಮೂತಿ, ಸಪೂರ ಸೊಂಟ ಪಕ್ಕದಿಂದ ತೆಗೆದಾಗಲೇ ಚೆನ್ನಾಗಿ ಕಾಣುವುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಅಂಗಳದಲ್ಲೂ ಒಂದು ಮರುತ್ ಇದೆ.

ಎರಡನೆಯ ನಿಲ್ದಾಣ ಕಾರವಾರ. ವಿಶಾಖಪಟ್ಟಣದ ಕರಡಿಯ ಒಡಹುಟ್ಟು ಇರುವುದು ಅಲ್ಲಿ. ಅರಕ್ಕೋಣಂನಲ್ಲಿ ಉಳಿದಿದ್ದ ಇನ್ನೊಂದು ಟಿಯು-142, 2023ರಲ್ಲಿ ಬಿಡಿಭಾಗಗಳಾಗಿ ರಸ್ತೆ ಮೂಲಕ ಬಂದು, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಬಳಿ ಮತ್ತೆ ರೆಕ್ಕೆ ಜೋಡಿಸಿಕೊಂಡಿತು. ಅದೇ ಎಂಟರಲ್ಲಿ ಒಂದು, ಅದೇ 32 ಅಲಗು. ಆದರೆ ಕಾರವಾರದಲ್ಲಿ ಕಡಲು ಪಶ್ಚಿಮಕ್ಕೆ. ವಿಶಾಖಪಟ್ಟಣದಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಓಡಿದವರು ಇಲ್ಲಿ ನಿಧಾನವಾಗಿ ಊಟ ಮುಗಿಸಿ, ಸಂಜೆ ಐದರ ಹೊತ್ತಿಗೆ ಬಂದರೆ ಸಾಕು. ಅರಬ್ಬಿ ಸಮುದ್ರದ ಮೇಲಿಂದ ಓರೆಯಾಗಿ ಬರುವ ಹೊಂಬಿಸಿಲಿನಲ್ಲಿ ರಿವೆಟ್‌ಗಳ ಒಂದೊಂದು ಸಾಲೂ ಮೈಮೇಲೆ ಎದ್ದು ಕಾಣುತ್ತದೆ, ಮುಂದಿನ ಅಲಗಿನ ನೆರಳು ಹಿಂದಿನ ಅಲಗಿನ ಮೇಲೆ ಬೀಳುತ್ತದೆ.