ಹಳ್ಳ, ಹೊಳೆ, ನಾಲೆ

ಮರಕ್ಕೆ ಕೊಂಬೆಗಳಿರುವಂತೆ ನದಿಗೂ ಕೊಂಬೆಗಳುಂಟು. ಆದರೆ ಇವೆರಡಕ್ಕೂ ಮುಖ್ಯವಾದ ಒಂದು ಭೇದವಿದೆ. ಮರದಲ್ಲಿ ಬೇರಿನಿಂದ ಹೀರಿದ ನೀರು ಕಾಂಡದ ಮೂಲಕ ಕೊಂಬೆಗಳಿಗೆ ಹಂಚಿಹೋಗುತ್ತದೆ. ನದಿಯಲ್ಲಾದರೋ ಬಹುಮಟ್ಟಿಗೆ ಕೊಂಬೆಯ ನೀರೇ ಕಾಂಡಕ್ಕೆ ಇಳಿದುಬರುತ್ತದೆ. ಆದುದರಿಂದ ‘ನದಿಯ ಶಾಖೆ’ ಎಂದಷ್ಟೇ ಹೇಳಿದರೆ ಅರ್ಥವು ಸ್ಪಷ್ಟವಾಗದು. ಬಂದು ಸೇರತಕ್ಕದ್ದನ್ನು ನಾವು ಉಪನದಿಯೆನ್ನುತ್ತೇವೆ. ಒಡೆದು ಹೋಗತಕ್ಕದ್ದಕ್ಕೆ ಕವಲು ಎಂಬ ಅಚ್ಚಗನ್ನಡದ ಮಾತು ಒಪ್ಪುತ್ತದೆ. ಹೇಮಾವತಿ, ಕಪಿಲೆಗಳು ಕಾವೇರಿಯ ಉಪನದಿಗಳು. ಅದೇ ಕಾವೇರಿಯು ತಮಿಳುನಾಡಿನಲ್ಲಿ, ಶ್ರೀರಂಗಕ್ಕೆ ತುಸು ಮೇಲೆ, ಕೊಳ್ಳಿಡಂ ಎಂಬ ಕವಲನ್ನು ಬಿಡುತ್ತದೆ. ಅದು ಬೇರೆಯಾಗಿಯೇ ಸಮುದ್ರವನ್ನು ಸೇರುತ್ತದೆ. ಶಿವನಸಮುದ್ರದಲ್ಲಿಯೂ ಕಾವೇರಿ ಎರಡಾಗಿ, ಗಗನಚುಕ್ಕಿ ಭರಚುಕ್ಕಿಗಳೆಂದು ಧುಮುಕುವುದುಂಟು. ಆದರೆ ಆ ಕವಲುಗಳು ಮುಂದೆ ಮತ್ತೆ ಒಂದಾಗುತ್ತವೆ. ಎರಡು ನೀರುಗಳು ಕೂಡುವ ಎಡೆಗೂ ನಮ್ಮ ಹಿರಿಯರು ಹೆಸರಿಟ್ಟರು. ತುಂಗೆ ಭದ್ರೆಗಳು ಸೇರುವ ಊರು ಕೂಡಲಿ. ಮಲಪ್ರಭೆ ಕೃಷ್ಣೆಯನ್ನು ಸೇರುವ ಊರು ಕೂಡಲಸಂಗಮ.

ಇವು ನೀರಿನ ದಿಕ್ಕನ್ನು ಕುರಿತ ಮಾತುಗಳು. ನೀರಿನ ಸ್ವಭಾವವನ್ನು ಕುರಿತ ಮಾತುಗಳು ಬೇರೆ ಇವೆ. ಹಳ್ಳಿಯ ಬಾಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುವು ಇವೇ. ಹೊಳೆಯೆಂಬುದು ಹಳಗನ್ನಡದ ‘ಪೊೞೆ’. ಮಲಯಾಳದ ‘ಪುೞ’ ಇದಕ್ಕೆ ಒಡಹುಟ್ಟು. ಹಳ್ಳವೆಂಬುದು ‘ಪಳ್ಳ’. ತಗ್ಗು ನೆಲ ಎಂಬುದು ಅದರ ಇನ್ನೊಂದು ಅರ್ಥ. ‘ಹಳ್ಳದಿಣ್ಣೆ’ ಎನ್ನುವಾಗ ಇಂದಿಗೂ ಆ ಅರ್ಥವೇ ನಿಂತಿದೆ. ಹೀಗೆ ಹಳ್ಳವೆಂಬ ಹೆಸರು ನೀರಿಗಿಂತ ಮೊದಲು ನೆಲವನ್ನು ಹೇಳುತ್ತದೆ. ಬೇಸಗೆಯಲ್ಲಿ ಹನಿ ನೀರಿಲ್ಲದಿದ್ದರೂ ಹಳ್ಳ ಹಳ್ಳವೇ. ಮಳೆ ಬಂದಾಗ ನೀರು ತನ್ನ ಮನೆಗೆ ತಾನು ಬರುತ್ತದೆ.

ಈ ಮಾತಿಗೆ ಉಣಕಲ್ಲಿನ ನೆರೆಹೊರೆ ಒಳ್ಳೆಯ ನಿದರ್ಶನ. ಹುಬ್ಬಳ್ಳಿ ಧಾರವಾಡಗಳ ನಡುವೆ ಇರುವ ಈ ಊರು, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯದಿಂದಲೂ ವಿಶಾಲವಾದ ಕೆರೆಯಿಂದಲೂ ಪ್ರಸಿದ್ಧವಾಗಿದೆ. ಈ ಅವಳಿ ನಗರಗಳ ನೆಲವು ಎರಡು ಸಮುದ್ರಗಳ ನೀರನ್ನು ಬೇರ್ಪಡಿಸುವ ದಿಣ್ಣೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ನೀರೂ ಕಲಘಟಗಿಯ ಸೀಮೆಯಲ್ಲಿ ಕೂಡುತ್ತವೆ. ಆ ನದಿಯೇ ಬೇಡ್ತಿಯೆನ್ನಿಸಿಕೊಂಡು, ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಕಡೆಗೆ ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿ ಒಂದು, ಹೆಸರು ಮೂರು. ಅದು ಕಡಲನ್ನು ಸೇರುವ ಎಡೆಗೆ ಕರಾವಳಿಯವರು ಅಳಿವೆಯೆನ್ನುತ್ತಾರೆ. ದಿಣ್ಣೆಯ ಮೂಡಣ ಮಗ್ಗುಲಿನ ನೀರಾದರೋ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳಿಗೆ ಇಳಿದು, ಮಲಪ್ರಭೆ ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ಬೆಣ್ಣಿಹಳ್ಳವು ತಾಲ್ಲೂಕುಗಳನ್ನೇ ದಾಟಿ ಹರಿದರೂ ಅದನ್ನು ಜನರು ಹೊಳೆಯೆನ್ನಲಿಲ್ಲ. ಉದ್ದದಿಂದಲ್ಲ, ನಡತೆಯಿಂದ ಅದಕ್ಕೆ ಹೆಸರು ಬಂದಿದೆ. ಬೇಸಗೆಯಲ್ಲಿ ಸೊರಗಿ ಮಲಗುವ ಈ ಹಳ್ಳ ಮಳೆಗಾಲದಲ್ಲಿ ಎರೆಯ ಹೊಲಗಳ ಮೇಲೆಲ್ಲಾ ಹರಡಿಬಿಡುತ್ತದೆ. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ನವಲಗುಂದದ ಸೀಮೆಯ ರೈತರು ಇದನ್ನು ಕಣ್ಣಾರೆ ಕಂಡರು.

ಇನ್ನು ಉಣಕಲ್ಲಿನ ನೀರಿಗೆ ಬರೋಣ. ಕೆರೆಯ ಕಟ್ಟೆಯಲ್ಲಿ ನೀರು ಹೊರಬೀಳಲು ಎರಡು ದಾರಿಗಳು: ಬೇಕಾದಾಗ ಬಿಡುವುದಕ್ಕೆ ತೂಬು, ಹೆಚ್ಚಾದುದು ತಾನಾಗಿ ಹೋಗುವುದಕ್ಕೆ ಕೋಡಿ. ಉಣಕಲ್ ಕೆರೆಯಿಂದ ಹೊರಟು ಹುಬ್ಬಳ್ಳಿಯೊಳಗೆ ಹರಿಯುವ ನೀರಿಗೆ ಈಗ ಎಲ್ಲರೂ ಹೇಳುವ ಹೆಸರು ‘ಉಣಕಲ್ ನಾಲಾ’. ಈ ನಾಲಾ ಎಂಬ ಮಾತನ್ನು ಸ್ವಲ್ಪ ವಿಚಾರಿಸಬೇಕು. ಸಂಸ್ಕೃತದಲ್ಲಿ ನಾಲವೆಂದರೆ ಟೊಳ್ಳಾದ ದಂಟು, ಕೊಳವೆ. ಮೈಸೂರು ಸೀಮೆಯಲ್ಲಿ ನಾಲೆಯೆಂದರೆ ಮನುಷ್ಯರು ಅಗೆದು ಗದ್ದೆಗೆ ನೀರೊಯ್ಯುವ ಕಾಲುವೆ. ಕೃಷ್ಣರಾಜಸಾಗರದಿಂದ ಮಂಡ್ಯದ ಬಯಲಿಗೆ ಹರಿಯುವ ವಿಶ್ವೇಶ್ವರಯ್ಯ ನಾಲೆ ಅಂಥದು. ಅಲ್ಲಿ ಆ ಹೆಸರಿಗೆ ಮರ್ಯಾದೆಯಿದೆ. ಮರಾಠಿ ಹಿಂದೂಸ್ತಾನಿಗಳಲ್ಲಿ ನಾಲಾ ಎಂದರೆ ತಾನಾಗಿ ಹರಿಯುವ ಹಳ್ಳವೂ ಹೌದು, ಊರ ಕೊಳೆನೀರಿನ ಚರಂಡಿಯೂ ಹೌದು. ಧಾರವಾಡದ ಸೀಮೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಅಲ್ಲಿ ಈ ಬಳಕೆ ಸಹಜವಾಗಿಯೇ ನೆಲೆಗೊಂಡಿತು.

ಶಬ್ದ ಪರಭಾಷೆಯಿಂದ ಬಂದುದೆಂಬುದು ದೋಷವಲ್ಲ. ಕನ್ನಡವು ಎಷ್ಟೋ ಮಾತುಗಳನ್ನು ಹೀಗೆ ಅರಗಿಸಿಕೊಂಡಿದೆ. ಕಷ್ಟವಿರುವುದು ಬೇರೆಡೆ. ಒಂದೇ ಮಾತು ಹಳ್ಳವನ್ನೂ ಚರಂಡಿಯನ್ನೂ ಹೇಳುವಾಗ, ಕೇಳಿದವನ ಮನಸ್ಸಿನಲ್ಲಿ ಚರಂಡಿಯೇ ಉಳಿಯುತ್ತದೆ. ಚರಂಡಿ ಮನುಷ್ಯನು ಮಾಡಿದ್ದು. ಅದನ್ನು ಕಿರಿದು ಮಾಡಬಹುದು, ಮುಚ್ಚಬಹುದು, ಕಸ ಚೆಲ್ಲಿದರೂ ತಪ್ಪಿಲ್ಲವೆಂಬ ಭಾವನೆ ಬರುತ್ತದೆ. ಹಳ್ಳವಾದರೆ ಹಾಗಲ್ಲ. ಕೆರೆಯ ಕಟ್ಟೆಯನ್ನು ಹಾಕುವುದು ಮೊದಲೇ ಇದ್ದ ತಗ್ಗಿಗೆ ಅಡ್ಡಲಾಗಿ; ಕೋಡಿಯ ಕೆಳಗೆ ಹರಿಯುವುದು ಆ ತಗ್ಗಿನ ಮುಂದುವರಿಕೆಯೇ. ಅದರ ಪಾತ್ರವನ್ನು ಕಟ್ಟಡಗಳಿಂದ ಒತ್ತಿದರೆ ಜೋರು ಮಳೆಯ ದಿನ ನೀರು ಮನೆಯೊಳಕ್ಕೆ ನುಗ್ಗುತ್ತದೆ. ಅದಕ್ಕೆ ಚೆಲ್ಲಿದ ಕೊಳೆಯೂ ಹುಬ್ಬಳ್ಳಿಯಲ್ಲೇ ನಿಲ್ಲುವುದಿಲ್ಲ. ನೀರಿನೊಡನೆ ಕೆಳಗಿನ ಊರುಗಳ ಕಡೆಗೆ ಸಾಗುತ್ತದೆ.

ಈಚಿನ ವರ್ಷಗಳಲ್ಲಿ ಸ್ಮಾರ್ಟ್ ಸಿಟಿ ಯೋಜನೆಯವರು ಈ ನಾಲೆಯ ದಂಡೆಯನ್ನು ಸರಿಪಡಿಸಿ ನಡೆದಾಡುವವರಿಗೂ ಸೈಕಲ್ ಸವಾರರಿಗೂ ಹಸಿರು ಹಾದಿಯನ್ನು ಮಾಡುವ ಕೆಲಸ ಕೈಗೊಂಡರು. ದಂಡೆ ಅಂದವಾಗುವುದು ಸಂತೋಷವೇ. ಅದರೊಡನೆ ನೀರಿಗೂ ಅದರ ಹಳೆಯ ಹೆಸರು ಸಲ್ಲಬೇಕು. ಉಣಕಲ್ ಹಳ್ಳ ಎಂದು ನಾಲ್ಕು ಜನ ಹೇಳತೊಡಗಿದರೆ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳು ಕೇಳಿಯಾರು. ಚರಂಡಿಯನ್ನು ಕುರಿತು ಹಾಗೆ ಯಾರೂ ಕೇಳುವುದಿಲ್ಲ.