ಹುಣಸೆಹಣ್ಣಿಗೆ ಬಗ್ಗದ ಚಕ್ರ

ಮಿಷಿಗನ್‌ನಲ್ಲಿ ಇರುವವರಿಗೆ ಉಪ್ಪಿನ ಕಥೆ ಹೊಸದಲ್ಲ ಬಿಡಿ. ಚಳಿಗಾಲವಿಡೀ ರಸ್ತೆಗೆ ಸುರಿಯುವ ಉಪ್ಪನ್ನು ಕೊನೆಗೆ ತಿನ್ನುವುದು ನಮ್ಮ ಕಾರುಗಳೇ. ನಮ್ಮ ಮನೆಯ 2012ರ ಕಾರಿನ ಅಲ್ಯುಮಿನಿಯಂ ಚಕ್ರಗಳಂತೂ ಬೂಷ್ಟು ಹಿಡಿದ ಉಪ್ಪಿನಕಾಯಿಯ ಹಾಗೆ ಕಾಣುತ್ತಿದ್ದವು. ನೋಡೋಕೆ ಹೇಗಿದ್ದರೇನು, ಓಡಿದರೆ ಸಾಕು ಅಂತ ಸುಮ್ಮನಿದ್ದೆ.

ಕಳೆದ ವರ್ಷ ಮಗನಿಗೆ ಲೈಸೆನ್ಸ್ ಬಂತು, ಕಾರು ಅವನ ಪಾಲಾಯಿತು. ಅದೇ ಹೊತ್ತಿಗೆ ಮುಂದಿನ ಒಂದು ಚಕ್ರದಲ್ಲಿ ವಾರವಾರವೂ ಗಾಳಿ ಇಳಿಯತೊಡಗಿತು. ಮೊಳೆ ಹುಡುಕಿದರೆ ಮೊಳೆ ಇಲ್ಲ. ಅಂಗಡಿಯವನು ಟೈರ್ ಬಿಚ್ಚಿ ತೋರಿಸಿದ: ಟೈರಿನ ಅಂಚು ರಿಮ್ಮಿಗೆ ಕಚ್ಚಿ ಕೂರುವ ಜಾಗದಲ್ಲೆಲ್ಲ ಬಿಳಿ ಪುಡಿ. ಗಾಳಿ ಸೋರುತ್ತಿದ್ದುದು ಅಲ್ಲಿಂದಲೇ. ಹೊಸದಾಗಿ ಫ್ರೀವೇ ಹತ್ತಿದ ಹುಡುಗ, ಸೋರುವ ಚಕ್ರ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಒಳಗಿನ ಜಾಗವನ್ನು ನಾಲ್ಕೂ ಚಕ್ರಕ್ಕೆ ಅವನ ಕೈಯಲ್ಲೇ ಉಜ್ಜಿಸಿ, ಸೀಲರ್ ಹಚ್ಚಿಸಿದೆ. ಬಿರುಕೇನಾದರೂ ಇದ್ದಿದ್ದರೆ ಚಕ್ರವನ್ನೇ ಬಿಸಾಡಬೇಕಿತ್ತು. ಅದಕ್ಕೆ ಪಾಲಿಶ್ ಔಷಧವಲ್ಲ. ಹೊರಮುಖದ ಕೆಲಸ ಮಾತ್ರ ನಮ್ಮ ಗರಾಜಿಗೆ ಬಂತು.

ಆಗ ಅಮ್ಮ ಊರಿಂದ ಬಂದಿದ್ದರು. "ಅಷ್ಟಕ್ಕೆ ಯಾಕೋ ಒದ್ದಾಡ್ತೀಯ, ಹುಣಸೆಹಣ್ಣು ಹಾಕಿ ತಿಕ್ಕು" ಅಂದರು. ಹಿತ್ತಾಳೆ ದೀಪಕ್ಕೆ ನಡೆಯುವ ಉಪಾಯ ಇಲ್ಲಿ ನಡೆಯಲಿಲ್ಲ. ಅಲ್ಯುಮಿನಿಯಂ ಆಕ್ಸೈಡ್ ಬಲು ಗಟ್ಟಿ. ಸ್ಯಾಂಡ್‌ಪೇಪರಿಗೆ ಹಾಕುವ ಹರಳೂ ಅದೇ ವಸ್ತು. ಹಾಗಂತ ಖಾರದ ಕ್ಲೀನರ್ ತರಲೂಬೇಡಿ. ನಮ್ಮಾಕೆ ಒಮ್ಮೆ ಅಲ್ಯುಮಿನಿಯಂ ಕುಕ್ಕರನ್ನು ಡಿಶ್‌ವಾಷರಿಗೆ ಹಾಕಿ ಕಪ್ಪು ಮಾಡಿದ್ದು ನೆನಪಿದೆ. ಕ್ಷಾರ ಈ ಲೋಹಕ್ಕೆ ಆಗಿಬರದು. ಹೈಡ್ರೋಫ್ಲೋರಿಕ್ ಆಮ್ಲವಿರುವ ಚಕ್ರದ ಕ್ಲೀನರ್ ಅಂತೂ ಮನೆಯೊಳಗೇ ಬೇಡ; ಚರ್ಮಕ್ಕೆ ತಾಗಿದ್ದು ಎಷ್ಟೋ ಸಲ ಕೂಡಲೇ ಗೊತ್ತಾಗುವುದೂ ಇಲ್ಲ.

ಮೊದಲು ಬಟ್ಟೆಗೆ ಮೆಟಲ್ ಪಾಲಿಶ್ ಹಚ್ಚಿ ಒಂದು ಮೂಲೆ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಬರಿಯ ಲೋಹ, ಆಗದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ ಅಂತ. ನಮ್ಮದರಲ್ಲಿ ಇತ್ತು. ಕಲ್ಲು ಸಿಡಿದು ಆ ಪದರ ಒಡೆದ ಕಡೆ ಉಪ್ಪುನೀರು ನುಗ್ಗಿ, ಅಡಿಯಲ್ಲೇ ಹುಳದ ಹಾಗೆ ಬಿಳಿ ಗೆರೆಗಳನ್ನು ಎಳೆದಿತ್ತು. ಪದರ ತೆಗೆಯದೆ ಮೇಲೆ ಎಷ್ಟು ತಿಕ್ಕಿದರೂ ದಂಡ. ಮೀಥೈಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರನ್ನು 2019ರಿಂದ ಇಲ್ಲಿ ಮನೆಬಳಕೆಗೆ ಮಾರುವಂತಿಲ್ಲ. ಈಗಿನದು ನಿಧಾನ, ನನಗೆ ಮೂರು ಸಲ ಹಚ್ಚಬೇಕಾಯಿತು.

ಆಮೇಲೆ ನೀರು ಬಿಟ್ಟುಕೊಂಡು 400ರ ಸ್ಯಾಂಡ್‌ಪೇಪರ್, 600, 800, 1000, 1500, 2000. ಹಿಂದಿನ ಗೀರು ಪೂರ್ತಿ ಹೋಗುವ ತನಕ ಮುಂದಿನ ನಂಬರಿಗೆ ಹೋಗಬಾರದು. ಅವಸರಪಟ್ಟ ನನ್ನ ಮೊದಲ ಚಕ್ರದಲ್ಲಿ ಪಾಲಿಶ್ ಆದಮೇಲೆ ಗೀರುಗಳೆಲ್ಲ ಎದ್ದು ಕಂಡವು. ಮತ್ತೆ 600ರಿಂದ ಶುರು! ಒಂದು ಶನಿವಾರಕ್ಕೆ ಒಂದೇ ಚಕ್ರ. ಮಗ ಮೊದಲ ವಾರ ಮೊಬೈಲ್ ಹಿಡಿದು ನಿಂತಿದ್ದ, ಮೂರನೆಯ ವಾರ ನನ್ನ ಕೈಯಿಂದ ಪೇಪರ್ ಕಸಿದುಕೊಂಡು, "ಅಪ್ಪಾ, ನೀವು ಸ್ಪೋಕಿನ ಸಂದು ಬಿಟ್ಟಿದ್ದೀರ" ಅಂದ.

ಹೊಳಪು ಬಂತು ಅಂತ ಹಾಗೇ ಬಿಟ್ಟರೆ ಒಂದೇ ಚಳಿಗಾಲಕ್ಕೆ ಮತ್ತೆ ಅದೇ ಪಾಡು. ಎಣ್ಣೆಯ ಅಂಶವೆಲ್ಲ ಒರೆಸಿ ಚಕ್ರದ ಕ್ಲಿಯರ್ ಕೋಟ್ ಹೊಡೆದೆವು. ನಟ್ಟು ಕೂರುವ ಜಾಗಕ್ಕೂ ಹಬ್ಬಿಗೆ ತಾಗುವ ಹಿಂಭಾಗಕ್ಕೂ ಟೇಪ್ ಅಂಟಿಸಿದ್ದೆವು, ಅಲ್ಲಿ ಬಣ್ಣ ಕೂತರೆ ನಟ್ಟು ಸಡಿಲವಾಗುತ್ತದೆ. ಜೋಡಿಸುವಾಗ ನಟ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿದು, ಐವತ್ತು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿದೆವು.

ಒಂದು ಮಾತು: ಹೊಸ ಕಾರಿಗೆ, ಅದರಲ್ಲೂ ಲೇಥ್‌ನಲ್ಲಿ ಕಡೆದ ಮುಖವಿರುವ ಚಕ್ರಕ್ಕೆ, ಈ ಸಾಹಸ ಬೇಡ. ಆ ಸಣ್ಣ ಗೆರೆಗಳು ಕೈಯಿಂದ ಮರಳಿ ಬರುವುದಿಲ್ಲ.

ಆಯುಧಪೂಜೆಗೆ ಅಮ್ಮ ನಾಲ್ಕೂ ಚಕ್ರಕ್ಕೆ ಕುಂಕುಮ ಇಟ್ಟು, ಅಡಿಗೆ ನಿಂಬೆಹಣ್ಣು ಇಡಿಸಿದರು. "ಹುಣಸೆಹಣ್ಣು ಹಾಕಿದ್ದಕ್ಕೇ ಹೀಗೆ ಹೊಳೀತಿರೋದು" ಅಂತ ಪಕ್ಕದ ಮನೆಯವರಿಗೆ ಹೇಳಿದ್ದೂ ಆಯಿತು. ಜನವರಿಯ ಕೊರೆಯುವ ಚಳಿಯಲ್ಲಿ ಮಗ ತಾನೇ ಗೇಜ್ ಹಿಡಿದು ನೋಡಿದ. ನಾಲ್ಕರಲ್ಲೂ ಗಾಳಿ ಒಂದೇ ಸಮ ಇಳಿದಿತ್ತು, ಅದು ಚಳಿಯ ಲೆಕ್ಕ. ಆ ಮುಂದಿನ ಚಕ್ರ ಮಾತ್ರ ಬೇರೆಯಾಗಿರಲಿಲ್ಲ.