ವಿಆರ್‌ನಲ್ಲಿ ವಿಮಾನ ಹಾರಿಸೋಕೆ 14 ಮಿಲಿಸೆಕೆಂಡಿನ ಲೆಕ್ಕ

ಸಿಮ್ಯುಲೇಟರಿನಲ್ಲಿ ಸೆಸ್ನಾ 172 ತಗೊಂಡು ಜಕ್ಕೂರು ರನ್‌ವೇಗೆ ಸಮಾನಾಂತರವಾಗಿ ಹಾರ್ತಾ ಇದ್ದೀರಿ ಅಂದ್ಕೊಳ್ಳಿ. ಲ್ಯಾಂಡಿಂಗಿಗೆ ಯಾವಾಗ ತಿರುಗಬೇಕು ಅಂತ ಗೊತ್ತಾಗೋಕೆ ಎಡಭುಜದ ಹಿಂದೆ ಇರುವ ರನ್‌ವೇ ತುದಿ ಕಾಣಬೇಕು. ಮಾನಿಟರ್ ಆದ್ರೆ ಬಟನ್ ಒತ್ತಿ ಕ್ಯಾಮೆರಾ ತಿರುಗಿಸಬೇಕು. ವಿಆರ್ ಹೆಡ್‌ಸೆಟ್ ಇದ್ರೆ ಕತ್ತು ತಿರುಗಿಸಿದ್ರೆ ಸಾಕು.

ಆದ್ರೆ ಮೊದಲ ಸಲ ಹಾಕಿಕೊಂಡವರಲ್ಲಿ ಕೆಲವರು ಐದೇ ನಿಮಿಷಕ್ಕೆ ತಲೆ ಸುತ್ತಿ ತೆಗೆದಿಡ್ತಾರೆ. "ನಂಗೆ ವಿಆರ್ ಆಗಿಬರಲ್ಲ" ಅಂತ ಮತ್ತೆ ಮುಟ್ಟೋದೇ ಇಲ್ಲ. ಎಷ್ಟೋ ಸಲ ಕೆಟ್ಟಿರೋದು ಸೆಟ್ಟಿಂಗ್ ಮಾತ್ರ. ಮೆಟಾ ಕ್ವೆಸ್ಟ್ 2 ಮತ್ತು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇಟ್ಕೊಂಡು ಇದನ್ನ ನೋಡೋಣ.

ಮೊದಲು ಸಂಪರ್ಕ

ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೆ 1832×1920 ಪಿಕ್ಸೆಲ್. ಎರಡೂ ಸೇರಿ ಸುಮಾರು 70 ಲಕ್ಷ. ಫುಲ್ ಎಚ್‌ಡಿ ಮಾನಿಟರಿನ ಮೂರು ಪಟ್ಟಿಗೂ ಹೆಚ್ಚು. ಪಿಕ್ಸೆಲ್‌ಗೆ 24 ಬಿಟ್, ಸೆಕೆಂಡಿಗೆ 72 ಚಿತ್ರ ಅಂದ್ರೆ 12 ಗಿಗಾಬಿಟ್ ದಾಟತ್ತೆ. ಯುಎಸ್‌ಬಿ 3.0ರ ಗರಿಷ್ಠ ವೇಗವೇ 5 ಗಿಗಾಬಿಟ್. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಚಿತ್ರಗಳನ್ನ ವಿಡಿಯೋ ಆಗಿ ಕುಗ್ಗಿಸಿ ಕಳಿಸತ್ತೆ, ಹೆಡ್‌ಸೆಟ್ ಅದನ್ನ ಬಿಡಿಸಿ ತೋರಿಸತ್ತೆ. ಫೋನ್ ಚಾರ್ಜರಿನ ಕೇಬಲ್ ಬಿಟ್ಟು ಯುಎಸ್‌ಬಿ 3 ಕೇಬಲ್ ಹಾಕಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿರಲಿ. ಬ್ಯಾಟರಿಯಲ್ಲಿ ಓಡುವಾಗ ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ಪವರ್ ಸಿಗಲ್ಲ.

ಇನ್ನೊಂದು ಗೊಂದಲ ರನ್‌ಟೈಮ್‌ದು. ಗೇಮ್ ನೇರವಾಗಿ ಹೆಡ್‌ಸೆಟ್ ಜೊತೆ ಮಾತಾಡಲ್ಲ. ಮಧ್ಯೆ ಓಪನ್‌ಎಕ್ಸ್‌ಆರ್ ಅನ್ನೋ ಮಾನದಂಡ ಇದೆ. ಕ್ರೋನೋಸ್ ಸಂಸ್ಥೆ ಅದರ 1.0 ಆವೃತ್ತಿ ತಂದಿದ್ದು 2019ರಲ್ಲಿ. ವಿಂಡೋಸ್‌ನಲ್ಲಿ ಒಂದು ಸಲಕ್ಕೆ ಒಂದೇ ಓಪನ್‌ಎಕ್ಸ್‌ಆರ್ ರನ್‌ಟೈಮ್ ಆ್ಯಕ್ಟಿವ್ ಆಗಿರತ್ತೆ. ಮೆಟಾ ಆ್ಯಪ್, ಸ್ಟೀಮ್‌ವಿಆರ್ ಎರಡೂ ಇದ್ದು, ಆ್ಯಕ್ಟಿವ್ ಆಗಿರೋದು ಸ್ಟೀಮ್‌ವಿಆರ್ ಆದ್ರೆ, ಚಿತ್ರ ಸುತ್ತು ಹಾದಿ ಹಿಡಿಯತ್ತೆ, ಇಲ್ಲವೇ ಬರೋದೇ ಇಲ್ಲ. ಕೇಬಲ್ ಬಳಸೋರು ಮೆಟಾ ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನೇ ಆ್ಯಕ್ಟಿವ್ ಮಾಡಿ. ಆಮೇಲೆ ಗೇಮಿನಲ್ಲಿ ಕಂಟ್ರೋಲ್ ಮತ್ತು ಟ್ಯಾಬ್ ಒತ್ತಿದ್ರೆ ಕಾಕ್‌ಪಿಟ್ ಒಳಗೆ ಇರ್ತೀರಿ. ಸೀಟು ಓರೆಯಾಗಿ ಕಂಡ್ರೆ ಸ್ಪೇಸ್ ಬಾರ್ ಒತ್ತಿ.

ಸಮಯ ತಿನ್ನೋದು ಯಾರು?

72 ಹರ್ಟ್ಸ್ ಅಂದ್ರೆ ಒಂದು ಚಿತ್ರಕ್ಕೆ 13.9 ಮಿಲಿಸೆಕೆಂಡ್. ಅಷ್ಟರೊಳಗೆ ಸಿಪಿಯು, ಜಿಪಿಯು ಎರಡೂ ತಮ್ಮ ತಮ್ಮ ಪಾಲಿನ ಕೆಲಸ ಮುಗಿಸಬೇಕು. ತಡವಾದ್ರೆ ಚಿತ್ರ ಎಳೆದಾಡತ್ತೆ. ಕಣ್ಣು ಒಂದು ಹೇಳತ್ತೆ, ಒಳಕಿವಿ ಇನ್ನೊಂದು ಹೇಳತ್ತೆ, ಹೊಟ್ಟೆ ತೊಳಸತ್ತೆ.

ಹಾಗಂತ ಎಲ್ಲ ಗ್ರಾಫಿಕ್ಸ್ ಸೆಟ್ಟಿಂಗನ್ನೂ ಸುಮ್ಮನೆ ಲೋಗೆ ಇಳಿಸಿದ್ರೆ ಆಗಲ್ಲ. ಮೊದಲು ಅಳೆಯಿರಿ. ಗೇಮಿನ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ ತೋರಿಸು ಅಂದ್ರೆ, ಸಿಪಿಯು ಮೇನ್‌ಥ್ರೆಡ್‌ಗೆ ಎಷ್ಟು, ಜಿಪಿಯುಗೆ ಎಷ್ಟು ಮಿಲಿಸೆಕೆಂಡ್ ಹೋಗ್ತಿದೆ ಅಂತ ಕಾಣತ್ತೆ. ಮೇನ್‌ಥ್ರೆಡ್ 22, ಜಿಪಿಯು 15 ಇದೆ ಅಂದ್ಕೊಳ್ಳಿ. ಆಗ ಮೋಡ, ರೆಂಡರ್ ಸ್ಕೇಲಿಂಗ್ ಕಡಿಮೆ ಮಾಡಿದ್ರೂ ಎಫ್‌ಪಿಎಸ್ ಏರಲ್ಲ. ಅವೆಲ್ಲ ಜಿಪಿಯು ಕೆಲಸ. ಇಳಿಸಬೇಕಾಗಿರೋದು ಟೆರೇನ್ ಲೆವೆಲ್ ಆಫ್ ಡೀಟೇಲ್, ಆಬ್ಜೆಕ್ಟ್ ಲೆವೆಲ್ ಆಫ್ ಡೀಟೇಲ್, ಏರ್‌ಪೋರ್ಟ್ ಟ್ರಾಫಿಕ್. ಜಿಪಿಯು ಅಂಕಿ ದೊಡ್ಡದಿದ್ರೆ ಮಾತ್ರ ಮೋಡಕ್ಕೆ ಕೈ ಹಾಕಿ.

ಅಷ್ಟಾದ್ರೂ 13.9ಕ್ಕೆ ಬರಲಿಲ್ವಾ? ಎಸಿಂಕ್ರನಸ್ ಸ್ಪೇಸ್‌ವಾರ್ಪ್ ಅಂತ ಒಂದು ಉಪಾಯ ಇದೆ. ಗೇಮ್ ಸೆಕೆಂಡಿಗೆ 36 ಚಿತ್ರ ಬರೆಯತ್ತೆ, ನಡುವಿನ ಚಿತ್ರಗಳನ್ನ ಮೆಟಾ ಸಾಫ್ಟ್‌ವೇರ್ ಚಲನೆ ನೋಡಿ ಊಹಿಸತ್ತೆ. ಆಗ ಒಂದು ಚಿತ್ರಕ್ಕೆ 27.8 ಮಿಲಿಸೆಕೆಂಡ್ ಸಿಗತ್ತೆ. ನಮ್ಮ 22 ಆರಾಮಾಗಿ ಹಿಡಿಸತ್ತೆ. ಪ್ರೊಪೆಲರ್ ಅಂಚು ಸ್ವಲ್ಪ ಅಲುಗಾಡಿದ ಹಾಗೆ ಕಾಣತ್ತೆ, ಅದು ಇದರ ಬೆಲೆ. 40ರಿಂದ 55ರ ನಡುವೆ ಜೀಕಾಡೋ ಎಫ್‌ಪಿಎಸ್‌ಗಿಂತ ಗಟ್ಟಿಯಾಗಿ ನಿಂತ 36 ಎಷ್ಟೋ ವಾಸಿ.

ಟೇಕಾಫ್‌ಗೆ ಮುಂಚೆ

ಲೆನ್ಸ್‌ಗಳ ಅಂತರ ಸರಿಮಾಡಿ. ಕ್ವೆಸ್ಟ್ 2ರಲ್ಲಿ 58, 63, 68 ಮಿಲಿಮೀಟರ್ ಅಂತ ಮೂರೇ ಹಂತ. ಎರಡು ಕಣ್ಣಿನ ಪಾಪೆಗಳ ನಡುವಿನ ದೂರವನ್ನ ಗೆಳೆಯರ ಹತ್ರ ಸ್ಕೇಲಿನಲ್ಲಿ ಅಳೆಸಿಕೊಂಡು, ಹತ್ತಿರದ್ದನ್ನ ಆರಿಸಿ. ಹೆಡ್‌ಸೆಟ್ ಹಾಕಿದ ಮೇಲೆ ಕೀಬೋರ್ಡ್ ಕಾಣಲ್ಲ. ಹಾಗಾಗಿ ಫ್ಲಾಪ್, ಟ್ರಿಮ್, ಬ್ರೇಕ್, ವ್ಯೂ ರೀಸೆಟ್ ನಾಲ್ಕನ್ನೂ ಮೊದಲೇ ಜಾಯ್‌ಸ್ಟಿಕ್ ಬಟನ್‌ಗಳಿಗೆ ಕೊಡಿ.

ಮೊದಲ ಹಾರಾಟಕ್ಕೆ ದೊಡ್ಡ ಊರಿನ ಮೇಲೆ ಹೋಗಬೇಡಿ. ಕಟ್ಟಡ ಜಾಸ್ತಿ ಇದ್ದಷ್ಟೂ ಮೇನ್‌ಥ್ರೆಡ್‌ಗೆ ಭಾರ. ಹಳ್ಳಿ ಕಡೆ, ತಿಳಿ ಆಕಾಶದಲ್ಲಿ, ಹತ್ತು ನಿಮಿಷ ಸಾಕು. ಹಣೆ ಬೆವರಿದ್ರೆ, ಬಾಯಲ್ಲಿ ನೀರೂರಿದ್ರೆ "ಇನ್ನೊಂದೇ ಲ್ಯಾಂಡಿಂಗ್" ಅಂತ ಹಟ ಬೇಡ, ತಕ್ಷಣ ತೆಗೆದಿಡಿ. ಇನ್ನೊಬ್ಬರ ತಲೆಗೆ ಹಾಕೋ ಮುಂಚೆಯೂ ಒಮ್ಮೆ ಎಫ್‌ಪಿಎಸ್ ನೋಡಿ. ಅದು ಗಟ್ಟಿಯಾಗಿ ನಿಂತಿಲ್ಲ ಅಂದ್ರೆ, ಅವರಿಗೆ ವಿಆರ್ ಆಗಿಬರತ್ತೋ ಇಲ್ವೋ ಅಂತ ಹೇಳೋಕಾಗಲ್ಲ.